ಮಗುಚದಿದ್ದರಷ್ಟೇ ಸಾಲದು

ಹಳ್ಳಿಯ ಹಾಲಿನ ಸೊಸೈಟಿಗೆ ಬೆಳಗಿನ ಹೊತ್ತು ಹೋಗಿ ಬಂದವರಿಗೆ ಲ್ಯಾಕ್ಟೋಮೀಟರಿನ ಪರಿಚಯ ಇದ್ದೇ ಇರುತ್ತದೆ. ಮೇಲೆ ಕಡ್ಡಿಯಂಥ ಸಪೂರ ಕುತ್ತಿಗೆ, ನಡುವೆ ಉಬ್ಬಿದ ಹೊಟ್ಟೆ, ತಳದ ಬುರುಡೆಯಲ್ಲಿ ಸೀಸದ ಸಣ್ಣ ಗುಂಡುಗಳು. ಹಾಲಿಗೆ ನೀರು ಬೆರೆತಿದೆಯೇ ಎಂದು ಹೇಳುವುದು ಅದರ ಉದ್ಯೋಗ. ಅದು ಎಷ್ಟು ಮುಳುಗಿತು ಎಂಬುದರ ಮೇಲೆ ಎಲ್ಲರ ಕಣ್ಣು ನೆಟ್ಟಿರುವುದರಿಂದ ಅದರ ಇನ್ನೊಂದು ಗುಣವನ್ನು ಯಾರೂ ಗಮನಿಸುವುದಿಲ್ಲ. ಎಷ್ಟೇ ಓರೆಯಾಗಿ ಬಿಟ್ಟರೂ ಆ ಗಾಜಿನ ಕೊಳವೆ ಹಾಲಿನಲ್ಲಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಬೆರಳಿನಿಂದ ತಳ್ಳಿದರೆ ಬಾಗುತ್ತದೆ, ಬಿಟ್ಟೊಡನೆ ನಿಧಾನವಾಗಿ ತಲೆದೂಗಿ ಮತ್ತೆ ನೆಟ್ಟಗಾಗುತ್ತದೆ.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಪೀಟರ್‌ಹೆಡ್ ಎಂಬ ಊರಿದೆ. ಅಲ್ಲಿಂದ ಸುಮಾರು 25 ಕಿಲೋಮೀಟರ್ ಆಚೆ, ನೂರು ಮೀಟರ್ ಆಸುಪಾಸು ಆಳದ ಕಡಲಿನಲ್ಲಿ, 2017ರಲ್ಲಿ ಇಂಥದೇ ಐದು ದೈತ್ಯ ಲ್ಯಾಕ್ಟೋಮೀಟರುಗಳನ್ನು ತಂದು ನಿಲ್ಲಿಸಲಾಯಿತು. ಒಂದೊಂದರ ನೆತ್ತಿಯ ಮೇಲೂ 6 ಮೆಗಾವಾಟ್ ವಿದ್ಯುತ್ತು ಕೊಡುವ ಗಾಳಿಯಂತ್ರ. ನೀರಿನ ಮೇಲೆ ರೆಕ್ಕೆಯ ತುದಿಯವರೆಗೆ ಸುಮಾರು 175 ಮೀಟರ್, ನೀರಿನ ಕೆಳಗೆ 78 ಮೀಟರ್. ದೆಹಲಿಯ ಕುತುಬ್ ಮಿನಾರನ್ನು ಅಲ್ಲಿ ಇಳಿಸಿದರೆ ಪೂರ್ತಿ ಮುಳುಗಿ ಇನ್ನೂ ಕೆಲವು ಮೀಟರ್ ಜಾಗ ಉಳಿಯುತ್ತದೆ. ಕಂಬದ ತಳ ಸಮುದ್ರದ ನೆಲವನ್ನು ಮುಟ್ಟುವುದಿಲ್ಲ. ಅದು ತೇಲುತ್ತಿದೆ, ಅಷ್ಟೆ. ಆಚೀಚೆ ಹರಿದುಹೋಗದಂತೆ ಮೂರು ಸರಪಳಿಗಳು ಹಿಡಿದಿವೆ. ಹೈವಿಂಡ್ ಸ್ಕಾಟ್ಲೆಂಡ್ ಎಂದು ಹೆಸರಾದ ಇದು ತೇಲುವ ಗಾಳಿಯಂತ್ರಗಳ ಮೊದಲ ಸ್ಥಾವರ. ನೆಟ್ಟ ವರ್ಷವೇ ಎರಡು ದೊಡ್ಡ ಬಿರುಗಾಳಿಗಳು ಇದನ್ನು ಪರೀಕ್ಷಿಸಿದವು. ಡಿಸೆಂಬರಿನಲ್ಲಿ ಬಂದ ಕೆರೋಲಿನ್ ಎಂಬ ಗಾಳಿಯ ಹೊಡೆತ ಗಂಟೆಗೆ 160 ಕಿಲೋಮೀಟರನ್ನು ಮೀರಿತ್ತು. ಐದೂ ನಿಂತವು.

ಗಾಳಿಯಂತ್ರವನ್ನು ತೇಲಿಸುವ ಉಸಾಬರಿ ಯಾಕೆ ಬೇಕಿತ್ತು? ಕಡಲಿನಲ್ಲಿ ಗಾಳಿ ಜೋರು, ಏಕಪ್ರಕಾರ. ತಡೆಯಲು ಗುಡ್ಡವಿಲ್ಲ, ಮರವಿಲ್ಲ. 1991ರಲ್ಲಿ ಡೆನ್ಮಾರ್ಕಿನವರು ವಿಂಡಬಿ ಎಂಬಲ್ಲಿ ಕಡಲೊಳಗಿನ ಮೊದಲ ಗಾಳಿಸ್ಥಾವರ ಕಟ್ಟಿದಾಗ ನೀರಿನ ಆಳ ಎರಡರಿಂದ ನಾಲ್ಕು ಮೀಟರ್ ಮಾತ್ರ. ನೆಲಕ್ಕೆ ಅಡಿಪಾಯ ಹಾಕಿದರು, ಕಂಬ ನಿಲ್ಲಿಸಿದರು, ಮುಗಿಯಿತು. ಆದರೆ ಆಳ 60 ಮೀಟರ್ ದಾಟಿತೆಂದರೆ ಅಡಿಪಾಯದ ಖರ್ಚು ಕೈಗೆಟುಕುವುದಿಲ್ಲ. ನಾರ್ವೆ, ಪೋರ್ಚುಗಲ್, ಜಪಾನ್ ಮೊದಲಾದ ದೇಶಗಳಲ್ಲಿ ದಡ ಬಿಟ್ಟ ಸ್ವಲ್ಪ ದೂರದಲ್ಲೇ ಕಡಲು ಆಳಕ್ಕಿಳಿಯುತ್ತದೆ. ಒಳ್ಳೆಯ ಗಾಳಿ ಬೀಸುವ ಕಡಲಿನ ಬಹುಪಾಲು ಇಂಥ ಆಳದ ಮೇಲೆಯೇ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಲಿಯಂ ಹೆರೋನಿಮಸ್ ಎಂಬ ಪ್ರಾಧ್ಯಾಪಕರು 1972ರಲ್ಲೇ ಗಾಳಿಯಂತ್ರಗಳನ್ನು ತೇಲಿಸುವ ಯೋಜನೆ ಮುಂದಿಟ್ಟಿದ್ದರು. ಕಾಗದದಿಂದ ನೀರಿಗಿಳಿಯಲು ಮೂವತ್ತೇಳು ವರ್ಷ ಬೇಕಾಯಿತು: ದೊಡ್ಡ ಗಾತ್ರದ ಮೊದಲ ಸ್ಪಾರ್ ಕಂಬ, 2.3 ಮೆಗಾವಾಟಿನದು, ನಾರ್ವೆಯ ಕಾರ್ಮಾಯ್ ದ್ವೀಪದ ಬಳಿ ನಿಂತದ್ದು 2009ರಲ್ಲಿ.

ತಡವಾದದ್ದಕ್ಕೆ ಕಾರಣವಿದೆ. ಒನಕೆಯನ್ನು ಕೆರೆಗೆ ಬಿಟ್ಟರೆ ಅಡ್ಡ ಮಲಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇಲ್ಲಿ ಒನಕೆಯ ತುದಿಗೆ ಕಲ್ಲು ಕಟ್ಟಿದಂತಿದೆ. ನೂರು ಮೀಟರ್ ಎತ್ತರದಲ್ಲಿ ನೂರಾರು ಟನ್ ತೂಕದ ಯಂತ್ರ. ಅದರ ಮೇಲೆ ಗಾಳಿ ಹಗಲೂ ರಾತ್ರಿ ಒಂದೇ ಸಮನೆ ತಳ್ಳುತ್ತಿರುತ್ತದೆ. ಹಡಗಿನ ಹಾಯಿಯನ್ನಾದರೆ ಗಾಳಿ ಹೆಚ್ಚಾದಾಗ ಸುತ್ತಿಡಬಹುದು. ಇಲ್ಲಿ ಗಾಳಿಗೆ ಎದೆಯೊಡ್ಡಿ ನಿಲ್ಲುವುದೇ ಉದ್ಯೋಗ. ಬಿರುಗಾಳಿಯಲ್ಲಿ ಈ ನೂಕು ಅತಿ ಹೆಚ್ಚು ಎಂದು ಯಾರಾದರೂ ಊಹಿಸುತ್ತಾರೆ. ಹಾಗಲ್ಲ. ಬಿರುಗಾಳಿಯಲ್ಲಿ ರೆಕ್ಕೆಗಳನ್ನು ಅವುಗಳ ಅಕ್ಷದ ಸುತ್ತ ತಿರುಗಿಸಿ, ಅಂಚು ಗಾಳಿಯ ಕಡೆಗೆ ಬರುವಂತೆ ಮಾಡಿ ಯಂತ್ರವನ್ನು ನಿಲ್ಲಿಸಿಬಿಡುತ್ತಾರೆ. ನೂಕು ಪರಾಕಾಷ್ಠೆಗೆ ಬರುವುದು ಯಂತ್ರ ಪೂರ್ಣ ಶಕ್ತಿಯನ್ನು ಆಗತಾನೆ ಮುಟ್ಟುವ ಹೊತ್ತಿಗೆ, ಅಂದರೆ ಗಾಳಿ ಸೆಕೆಂಡಿಗೆ ಹನ್ನೊಂದು ಹನ್ನೆರಡು ಮೀಟರ್ ಬೀಸುವಾಗ. ಛತ್ರಿ ಹಿಡಿದು ನಡೆಯಲು ಕಷ್ಟಪಡಿಸುವ ಗಾಳಿ ಅದು, ಚಂಡಮಾರುತವೇನಲ್ಲ. ಒಂದು 5 ಮೆಗಾವಾಟ್ ಯಂತ್ರಕ್ಕೆ ಈ ನೂಕು ಸುಮಾರು 80 ಟನ್ ತೂಕದಷ್ಟು, ಅದೂ ನೀರಿನಿಂದ 90 ಮೀಟರ್ ಮೇಲೆ. ಸನ್ನೆಕೋಲಿನ ಪಾಠ ಓದಿದ ಮಕ್ಕಳು ಗುಣಿಸಿ ನೋಡಬಹುದು: 7,200 ಟನ್-ಮೀಟರ್. ಇಷ್ಟು ದೊಡ್ಡ ತಿರುಚುಬಲವನ್ನು ತಡೆದು ನಿಲ್ಲಬೇಕಾದ್ದು ಕೆಳಗಿನ ಒಡಲು. ಅದರ ಆಕಾರದ ಮೇಲೆಯೇ ಎಲ್ಲವೂ ನಿಂತಿದೆ.

ಒಡಲಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಡಗು ಕಟ್ಟುವವರು ಸ್ವೀಡನ್ನಿನ ವಾಸಾ ಹಡಗನ್ನು ತೋರಿಸುತ್ತಾರೆ. 64 ಫಿರಂಗಿ ಹೊತ್ತ ಆ ಯುದ್ಧನೌಕೆ ಸಿದ್ಧವಾಗುತ್ತಿದ್ದಾಗ ಸುಮಾರು ಮೂವತ್ತು ನಾವಿಕರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ಹೊಯ್ದಾಡಿತೆಂದರೆ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ರಾಜನಿಗೆ ಅವಸರ, ಯಾರೂ ತುಟಿ ಬಿಚ್ಚಲಿಲ್ಲ. 1628ರ ಆಗಸ್ಟ್ 10ರಂದು ಹೊರಟ ಹಡಗು ಒಂದೂಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು ಸಾಗುವುದರೊಳಗೆ ಒಂದು ಸಾಧಾರಣ ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ವಾಲಿ, ಫಿರಂಗಿಯ ಕಿಂಡಿಗಳಲ್ಲಿ ನೀರು ನುಗ್ಗಿ, ಸ್ಟಾಕ್‌ಹೋಮ್ ಬಂದರಿನಲ್ಲೇ ಮುಳುಗಿತು. 1961ರಲ್ಲಿ ಅದನ್ನು ಮೇಲೆತ್ತಿದರು. ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ವಾಸಾ ಕಟ್ಟಿದವರಲ್ಲಿ ಇಲ್ಲದಿದ್ದ ಲೆಕ್ಕವನ್ನು ಕೊಟ್ಟವನು ಫ್ರಾನ್ಸಿನ ಪಿಯರ್ ಬೂಗೇರ್, 1746ರಲ್ಲಿ. ಭೂಮಿಯ ಆಕಾರ ಅಳೆಯಲು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಿಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿದಿದ್ದ ಈತ ಹಡಗುಗಳ ಬಗ್ಗೆ ಪುಸ್ತಕ ಬರೆದದ್ದು ವಿನೋದವೇ ಸರಿ. ಬೂಗೇರ್ ಹೇಳಿದ್ದು ಇಷ್ಟು. ತೇಲುವ ವಸ್ತುವಿನಲ್ಲಿ ಎರಡು ಬಿಂದುಗಳನ್ನು ಗಮನಿಸಬೇಕು. ಒಂದು ಗುರುತ್ವ ಕೇಂದ್ರ; ವಸ್ತುವಿನ ತೂಕವೆಲ್ಲ ಅಲ್ಲಿಂದ ಕೆಳಗೆ ಎಳೆಯುತ್ತದೆ. ಇನ್ನೊಂದು ಪ್ಲವನ ಕೇಂದ್ರ. ವಸ್ತು ಪಕ್ಕಕ್ಕೆ ಸರಿಸಿದ ನೀರಿನ ನಡುಬಿಂದು ಅದು, ನೀರು ಅಲ್ಲಿಂದ ಮೇಲೆ ಒತ್ತುತ್ತದೆ. ವಸ್ತು ವಾಲಿದಾಗ ಗುರುತ್ವ ಕೇಂದ್ರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಒಂದು ಬದಿ ಹೆಚ್ಚು ಮುಳುಗಿ ಇನ್ನೊಂದು ಬದಿ ಮೇಲೇಳುವುದರಿಂದ ಪ್ಲವನ ಕೇಂದ್ರ ಮುಳುಗಿದ ಬದಿಗೆ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲೆಳೆದ ಗೆರೆ ಒಡಲಿನ ನಡುಗೆರೆಯನ್ನು ಎಲ್ಲಿ ಕತ್ತರಿಸುತ್ತದೋ ಆ ಬಿಂದುವಿಗೆ ಆತ ಮೆಟಾಸೆಂಟರ್ ಎಂದು ಹೆಸರಿಟ್ಟ. ಅದು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ವಸ್ತು ಎದ್ದು ನಿಲ್ಲುತ್ತದೆ, ಕೆಳಗಿದ್ದರೆ ಮಗುಚುತ್ತದೆ. ಎಷ್ಟು ಮೇಲಿದ್ದರೆ ಎದ್ದು ನಿಲ್ಲುವ ಹಟ ಅಷ್ಟು ಹೆಚ್ಚು.

ಹಾಗಾದರೆ ಎದ್ದು ನಿಲ್ಲುವ ಶಕ್ತಿಗೆ ಎರಡು ಮೂಲಗಳಾದವು. ಮೊದಲನೆಯದು ಅಡಿತೂಕ, ನಾವಿಕರ ಮಾತಿನಲ್ಲಿ ನಿಲುಭಾರ. ತಳದಲ್ಲಿ ಕಲ್ಲು, ಕಬ್ಬಿಣದ ಅದಿರು, ಕಾಂಕ್ರೀಟು ತುಂಬಿ ಗುರುತ್ವ ಕೇಂದ್ರವನ್ನೇ ಪ್ಲವನ ಕೇಂದ್ರಕ್ಕಿಂತ ಕೆಳಗಿಳಿಸುವುದು. ಲ್ಯಾಕ್ಟೋಮೀಟರಿನ ಸೀಸದ ಗುಂಡುಗಳ ಉಪಾಯ ಇದೇ. ಎರಡನೆಯದು ನೀರಿನ ಮಟ್ಟದಲ್ಲಿ ಒಡಲಿನ ಹರವು. ಒಡಲನ್ನು ನೀರಿನ ಮಟ್ಟದಲ್ಲಿ ಕುಂಬಳಕಾಯಿಯಂತೆ ಅಡ್ಡ ಕೊಯ್ದರೆ ಕಾಣುವ ಮೈ ಎಷ್ಟು ಅಗಲವೋ ಅಷ್ಟು ಒಳ್ಳೆಯದು. ಇಲ್ಲಿ ಅಗಲದ ಲಾಭ ವಿಚಿತ್ರವಾಗಿ ಬೆಳೆಯುತ್ತದೆ. ದುಂಡನೆಯ ಕಂಬದ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಆ ಮೈಯ ನಿಲ್ಲಿಸುವ ಬಲ ಎರಡಲ್ಲ, ನಾಲ್ಕಲ್ಲ, ಹದಿನಾರು ಪಟ್ಟಾಗುತ್ತದೆ. ಅಗಲ ಒಂದೇ ಕಡೆ ಇರಬೇಕೆಂದೂ ಇಲ್ಲ. ಮೂರು ಖಾಲಿ ಪೀಪಾಯಿಗಳ ಬಾಯಿ ಮುಚ್ಚಿ, ದೂರ ದೂರ ನಿಲ್ಲಿಸಿ, ಬಿದಿರಿನಿಂದ ತ್ರಿಕೋನವಾಗಿ ಕಟ್ಟಿದರೂ ಆದೀತು; ಪೀಪಾಯಿಗಳ ನಡುವಿನ ದೂರದ ವರ್ಗಕ್ಕೆ ತಕ್ಕಂತೆ ಬಲ ಬೆಳೆಯುತ್ತದೆ.

ಇವೆರಡು ಮೂಲಗಳಿಂದಲೇ ತೇಲುವ ಗಾಳಿಯಂತ್ರದ ಮೂರು ಮುಖ್ಯ ಒಡಲುಗಳು ಹುಟ್ಟಿದವು. ಉದ್ದ ಕಂಬದಂಥದಕ್ಕೆ ಸ್ಪಾರ್ ಎನ್ನುತ್ತಾರೆ, ಪೀಟರ್‌ಹೆಡ್ಡಿನದು ಇದು. ಮೂರು ಕಂಬಗಳ ತ್ರಿಕೋನವನ್ನು ಅರೆಮುಳುಗು ಒಡಲು ಎನ್ನಬಹುದು. ಅಗಲವಾಗಿ ಚಪ್ಪಟೆಯಾಗಿ ತೇಲುವುದು ತೆಪ್ಪ. ಅಮೆರಿಕದ ರಾಷ್ಟ್ರೀಯ ಇಂಧನ ಪ್ರಯೋಗಾಲಯವೊಂದು 2009ರಲ್ಲಿ 5 ಮೆಗಾವಾಟಿನ ಒಂದು ಕಾಗದದ ಯಂತ್ರದ ಪೂರ್ಣ ವಿವರವನ್ನು ಪ್ರಕಟಿಸಿತು. ಯಾರೂ ಅದನ್ನು ಕಟ್ಟಲಿಲ್ಲ. ಎಲ್ಲ ದೇಶದವರೂ ತಮ್ಮ ಲೆಕ್ಕಕ್ಕೆ ಬಳಸಲಿ ಎಂಬುದೇ ಉದ್ದೇಶ. ಅದೇ ಯಂತ್ರವನ್ನು ಈ ಮೂರು ಬಗೆಯ ಒಡಲುಗಳ ಮೇಲೂ ಕೂರಿಸಿದ ಕಾಗದದ ನಕ್ಷೆಗಳೂ ಇವೆ. ಅವುಗಳ ಅಳತೆ ಹಿಡಿದು ಬೂಗೇರನ ಲೆಕ್ಕ ಹಾಕಿದರೆ ಒಂದು ಸೋಜಿಗ ಕಾಣುತ್ತದೆ.

ಸ್ಪಾರ್ 120 ಮೀಟರ್ ಆಳಕ್ಕಿಳಿದಿದೆ, ನೀರಿನ ಮಟ್ಟದಲ್ಲಿ ಅದರ ವ್ಯಾಸ 6.5 ಮೀಟರ್ ಮಾತ್ರ. ಈ ಸಪೂರ ಮೈಯಿಂದ ಸಿಗುವ ಸಹಾಯ ಹೆಚ್ಚುಕಡಿಮೆ ಸೊನ್ನೆ: ಪ್ಲವನ ಕೇಂದ್ರದಿಂದ ಮೆಟಾಸೆಂಟರ್ ಬರೇ ಒಂದು ಸೆಂಟಿಮೀಟರ್ ಮೇಲಿದೆ. ಆದರೆ ಗುರುತ್ವ ಕೇಂದ್ರ ಪ್ಲವನ ಕೇಂದ್ರಕ್ಕಿಂತ ಸುಮಾರು 16 ಮೀಟರ್ ಕೆಳಗಿದೆ. ಅದು ನಿಂತಿರುವುದೆಲ್ಲ ಅಡಿತೂಕದ ಪುಣ್ಯದಿಂದ. ಅರೆಮುಳುಗು ಒಡಲಿನದು ತದ್ವಿರುದ್ಧ. 50 ಮೀಟರ್ ಅಂತರದಲ್ಲಿ ಮೂರು ದಪ್ಪ ಕಂಬಗಳು, ಮುಳುಗಿರುವ ಆಳ 20 ಮೀಟರ್. ಗುರುತ್ವ ಕೇಂದ್ರ ಪ್ಲವನ ಕೇಂದ್ರಕ್ಕಿಂತ ಮೂರು ಮೀಟರಿಗೂ ಹೆಚ್ಚು ಮೇಲಿದೆ, ಅಂದರೆ ತೂಕ ಮಗುಚಲು ಹವಣಿಸುತ್ತಿದೆ. ಕಂಬಗಳ ಹರವು ಮೆಟಾಸೆಂಟರನ್ನು 10 ಮೀಟರ್ ಮೇಲೆತ್ತಿರುವುದರಿಂದ ಸುಮಾರು 7 ಮೀಟರ್ ಲಾಭ ಉಳಿಯುತ್ತದೆ. ಇನ್ನು ತೆಪ್ಪ. 40 ಮೀಟರ್ ಉದ್ದ, ಅಷ್ಟೇ ಅಗಲ, ಮುಳುಗಿರುವುದು ನಾಲ್ಕೇ ಮೀಟರ್. ಮೇಲಿನ ಯಂತ್ರದ ಭಾರದಿಂದ ಇಡೀ ಜೋಡಣೆಯ ಗುರುತ್ವ ಕೇಂದ್ರ ನೀರಿನ ಮೇಲೆ, ಗಾಳಿಯಲ್ಲೇ ಇದೆ! ಆದರೂ ಅಗಲದ ದೆಸೆಯಿಂದ ಮೆಟಾಸೆಂಟರ್ ಅದಕ್ಕಿಂತ 26 ಮೀಟರಿನಷ್ಟು ಮೇಲೆ.

ಹದಿನಾರು, ಏಳು, ಇಪ್ಪತ್ತಾರು. ಈ ಅಂಕೆಗಳನ್ನಷ್ಟೇ ನೋಡಿದವರು ತೆಪ್ಪಕ್ಕೆ ಮೊದಲ ಬಹುಮಾನ ಕೊಟ್ಟುಬಿಡುತ್ತಾರೆ. ಕೆರೆಯಂಥ ಶಾಂತ ನೀರಿನಲ್ಲಿ ಅದು ಸರಿಯೂ ಹೌದು. ಆ 80 ಟನ್ನಿನ ನೂಕಿಗೆ ಸ್ಪಾರ್ ಮತ್ತು ಅರೆಮುಳುಗು ಒಡಲು ಐದು ಡಿಗ್ರಿಯ ಆಸುಪಾಸು ವಾಲಿದರೆ ತೆಪ್ಪ ಮೂರು ಡಿಗ್ರಿಯೂ ವಾಲುವುದಿಲ್ಲ. ಆದರೆ ಅಲೆಯೆದ್ದ ಕಡಲಿಗೆ ಒಯ್ದರೆ ಮೂವರಲ್ಲಿ ಹೆಚ್ಚು ಒದ್ದಾಡುವುದು ತೆಪ್ಪವೇ.

ಕಾರಣ ತಿಳಿಯಲು ಹಂಪಿಯ ಹತ್ತಿರ ತುಂಗಭದ್ರೆಯಲ್ಲಿ ಓಡಾಡುವ ಹರಿಗೋಲನ್ನು ನೆನೆದರೆ ಸಾಕು. ಬುಟ್ಟಿಯಂತೆ ಅಗಲ, ಆಳವಿಲ್ಲ, ಮಗುಚುವುದು ಸುಲಭವಲ್ಲ. ಆದರೆ ನೀರು ಯಾವ ಕಡೆಗೆ ಇಳಿಜಾರಾದರೆ ಅದೂ ಆ ಕಡೆಗೇ ವಾಲುತ್ತದೆ. ಅಗಲದಿಂದ ನಿಲ್ಲುವ ಒಡಲಿಗೆ ‘ನೆಟ್ಟಗೆ’ ಎಂದರೆ ನೀರಿನ ಮೇಲ್ಮೈಗೆ ನೆಟ್ಟಗೆ. ಅಲೆ ಬಂದು ನೀರಿನ ಮೇಲ್ಮೈಯೇ ಓರೆಯಾದರೆ ಒಡಲು ಆ ಓರೆಗೆ ನಿಷ್ಠೆಯಿಂದ ಹೊಂದಿಕೊಳ್ಳುತ್ತದೆ. ನಿಲ್ಲುವ ಹಟ ಎಷ್ಟು ಹೆಚ್ಚೋ ಆ ನಿಷ್ಠೆಯೂ ಅಷ್ಟೇ ಹೆಚ್ಚು. ಅಡಿತೂಕದಿಂದ ನಿಲ್ಲುವ ಸ್ಪಾರ್‌ಗೆ ‘ನೆಟ್ಟಗೆ’ ಎಂದರೆ ಗೋಡೆ ಕಟ್ಟುವ ಗಾರೆಯವನ ತೂಗುಗುಂಡು ತೋರಿಸುವ ದಿಕ್ಕು. ಮೇಲೆ ಅಲೆ ಹೇಗೇ ಕುಣಿಯಲಿ, ಅದರ ಲಕ್ಷ್ಯ ಭೂಮಿಯ ಕಡೆಗೆ. ಮಗುಚದಿರುವುದು ಬೇರೆ, ತೂಗಾಡದಿರುವುದು ಬೇರೆ ಎಂಬ ಈ ವ್ಯತ್ಯಾಸ ಗಾಳಿಯಂತ್ರದವರಿಗೆ ಜೀವನ್ಮರಣದ ಪ್ರಶ್ನೆ. ತಳದಲ್ಲಿ ಐದು ಡಿಗ್ರಿ ವಾಲಿದರೆ ನೂರು ಮೀಟರ್ ಮೇಲಿನ ಯಂತ್ರ ಒಂಬತ್ತು ಮೀಟರಿನಷ್ಟು ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ. ದಿನಕ್ಕೆ ಸಾವಿರಾರು ಸಲ, ಇಪ್ಪತ್ತು ಇಪ್ಪತ್ತೈದು ವರ್ಷ. ಬೇರಿಂಗುಗಳು, ರೆಕ್ಕೆಯ ಬುಡ, ಕಂಬದ ಬೆಸುಗೆ ಯಾವುದಕ್ಕೂ ಇದು ಹಿತವಲ್ಲ. ನಾವಿಕನಾದರೆ ವಾಂತಿ ಮಾಡಿಕೊಂಡು ಸುಧಾರಿಸಿಕೊಂಡಾನು; ಕಬ್ಬಿಣಕ್ಕೆ ಆ ಸೌಕರ್ಯವಿಲ್ಲ.

ತೂಗಾಟದಲ್ಲಿ ಇನ್ನೊಂದು ಒಳಗುಟ್ಟಿದೆ, ಅದು ತಾಳದ್ದು. ಉಯ್ಯಾಲೆಯ ಮೇಲೆ ಕೂತ ಮಗುವನ್ನು ಅದರ ತಾಳಕ್ಕೆ ಸರಿಯಾಗಿ ಒಂದೊಂದೇ ಬೆರಳಿನಿಂದ ತಳ್ಳಿದರೂ ಉಯ್ಯಾಲೆ ಸೂರಿಗೆ ಮುಟ್ಟುತ್ತದೆ. ತಾಳ ತಪ್ಪಿಸಿ ಎರಡೂ ಕೈಯಿಂದ ತಳ್ಳಿದರೂ ಏರುವುದಿಲ್ಲ. ಇದಕ್ಕೆ ಅನುರಣನ ಎನ್ನುತ್ತಾರೆ. ಕಡಲಿನ ಅಲೆಗಳ ತಾಳ ಸಾಮಾನ್ಯವಾಗಿ 5ರಿಂದ 20 ಸೆಕೆಂಡಿಗೊಂದು. ತೇಲುವ ಒಡಲಿನ ಸ್ವಂತ ತಾಳ ಈ ಪಟ್ಟಿಯ ಹೊರಗಿರಬೇಕು. ಮೇಲೆ ಹೇಳಿದ ಸ್ಪಾರ್ ಒಮ್ಮೆ ಮುಂದಕ್ಕೆ ಹಿಂದಕ್ಕೆ ತೂಗಿ ಬರಲು ಸುಮಾರು 30 ಸೆಕೆಂಡ್ ಬೇಕು, ಅರೆಮುಳುಗಿಗೆ 26. ಎರಡೂ ಅಲೆಗಳಿಗಿಂತ ನಿಧಾನ. ತೆಪ್ಪದ ತೂಗಾಟ 12 ಸೆಕೆಂಡ್, ಅಲೆಗಳ ಸಾಮ್ರಾಜ್ಯದ ನಟ್ಟನಡುವೆ! ಅಗಲ ಹೆಚ್ಚಾಗಿ ಒಡಲು ಬಿರುಸಾದದ್ದೇ ಇಲ್ಲಿ ಮುಳುವಾಯಿತು.

ಲ್ಯಾಕ್ಟೋಮೀಟರಿಗೆ ಸಪೂರ ಕುತ್ತಿಗೆ ಯಾಕೆ ಎಂಬ ಪ್ರಶ್ನೆಗೂ ಇಲ್ಲಿ ಉತ್ತರ ಸಿಗುತ್ತದೆ. ಕುತ್ತಿಗೆ ಸಣ್ಣದಾದ್ದರಿಂದ ಹಾಲಿನ ಸಾಂದ್ರತೆ ಸ್ವಲ್ಪ ಬದಲಾದರೂ ಕೊಳವೆ ಬಹಳ ಏರಿಳಿಯುತ್ತದೆ, ಓದಲು ಸುಲಭ. ಅಂದರೆ ಮೇಲೆ ಕೆಳಗೆ ಹಿಡಿದಿರುವ ನೀರಿನ ‘ಸ್ಪ್ರಿಂಗು’ ಮೆದು. ಸ್ಪ್ರಿಂಗು ಮೆದುವಾದಷ್ಟೂ ಏರಿಳಿತ ನಿಧಾನ. ಸ್ಪಾರ್ ಕಂಬವನ್ನೂ ನೀರಿನ ಮಟ್ಟದಲ್ಲಿ ಸೊಂಟ ಕಟ್ಟಿದಂತೆ ಕಿರಿದು ಮಾಡುವುದು ಇದಕ್ಕೇ. ಅಲೆಯ ಹೊಡೆತಕ್ಕೆ ಸಿಗುವ ಮೈಯೂ ಕಡಿಮೆಯಾಗುತ್ತದೆ. ಆಳಕ್ಕಿಳಿದಂತೆ ಅಲೆಯ ಆಟವೇ ಅಡಗುತ್ತದೆಂಬುದು ಮತ್ತೊಂದು ಅನುಕೂಲ. ಹತ್ತು ಸೆಕೆಂಡಿನ ಅಲೆಯ ಉದ್ದ, ಒಂದು ಶಿಖರದಿಂದ ಮುಂದಿನದಕ್ಕೆ, ಆಳ ಕಡಲಿನಲ್ಲಿ 156 ಮೀಟರ್. ಅದರ ಅರ್ಧದಷ್ಟು ಆಳದಲ್ಲಿ ನೀರಿನ ಓಲಾಟ ಮೇಲಿನದರ ಇಪ್ಪತ್ತನೇ ಒಂದು ಪಾಲೂ ಇರುವುದಿಲ್ಲ. ಪೀಟರ್‌ಹೆಡ್ಡಿನ ಕಂಬಗಳ ಬುಡ ಇರುವ 78 ಮೀಟರ್ ಆಳ ಸರಿಯಾಗಿ ಅಷ್ಟೇ ಆಗಿರುವುದನ್ನು ಗಮನಿಸಿ.

ಅರೆಮುಳುಗು ಒಡಲಿನವರು ಇದೇ ನಿಧಾನವನ್ನು ಬೇರೆ ದಾರಿಯಿಂದ ಸಾಧಿಸುತ್ತಾರೆ. ಮನೆಯಲ್ಲೇ ನೋಡಬಹುದು: ಊಟದ ತಟ್ಟೆಯನ್ನು ಬಕೆಟ್ಟಿನ ನೀರಿನೊಳಗೆ ಮಟ್ಟಸವಾಗಿ ಹಿಡಿದು ಮೇಲೆ ಕೆಳಗೆ ಆಡಿಸಿ. ತಟ್ಟೆ ಇದ್ದಕ್ಕಿದ್ದಂತೆ ಭಾರವಾದಂತೆ ತೋರುತ್ತದೆ, ಯಾಕೆಂದರೆ ಸುತ್ತಲಿನ ನೀರನ್ನೂ ಅದು ಜೊತೆಗೆ ಎಳೆಯಬೇಕು. ಕಂಬಗಳ ಬುಡದಲ್ಲಿ ಇಂಥ ಅಗಲ ತಟ್ಟೆಗಳನ್ನು ಬೆಸೆದರೆ ಒಂದು ಗ್ರಾಂ ಉಕ್ಕನ್ನೂ ಮೇಲಕ್ಕೆ ಹೇರದೆ ಸಾವಿರಾರು ಟನ್ ನೀರನ್ನು ಬಿಟ್ಟಿ ಆಳಾಗಿ ದುಡಿಸಿಕೊಳ್ಳಬಹುದು. ಪೋರ್ಚುಗಲ್ಲಿನ ಕಡಲಿನಲ್ಲಿ 2011ರಲ್ಲಿ ನಿಂತ ವಿಂಡ್‌ಫ್ಲೋಟ್ ಎಂಬ 2 ಮೆಗಾವಾಟಿನ ಯಂತ್ರದ ಒಡಲಿಗೆ ಇಂಥ ತಟ್ಟೆಗಳಿದ್ದವು. ಅದರಲ್ಲಿ ಇನ್ನೊಂದು ಜಾಣತನವೂ ಇತ್ತು. ಯಂತ್ರ ನಿಂತದ್ದು ತ್ರಿಕೋನದ ನಡುವೆ ಅಲ್ಲ, ಒಂದು ಮೂಲೆಯ ಕಂಬದ ಮೇಲೆ. ಗಾಳಿಯ ದಿಕ್ಕು ಬದಲಾದಂತೆ ಪಂಪುಗಳು ಒಂದು ಕಂಬದ ನೀರನ್ನು ಇನ್ನೊಂದಕ್ಕೆ ಸಾಗಿಸಿ ಒಡಲನ್ನು ಸಮ ಮಾಡುತ್ತಿದ್ದವು. ಸೊಂಟದ ಮೇಲಿನ ಮಗುವಿನ ಭಾರಕ್ಕೆ ತಾಯಿ ಇನ್ನೊಂದು ಬದಿಗೆ ವಾಲುವಂತೆ. 2016ರಲ್ಲಿ ಅದನ್ನು ಕಳಚುವವರೆಗೆ 17 ಮೀಟರಿಗೂ ಎತ್ತರದ ಅಲೆಗಳನ್ನು ಅದು ಕಂಡಿತ್ತು. ಅದರ ಮಕ್ಕಳಾದ 8.4 ಮೆಗಾವಾಟಿನ ಮೂರು ಯಂತ್ರಗಳು 2020ರಿಂದ ವಿಯಾನಾ ದೊ ಕಸ್ತೆಲೊ ಪಟ್ಟಣದ ಆಚೆಯ ಕಡಲಿನಲ್ಲಿವೆ.

ತೆಪ್ಪದ ಕಥೆ ಅಲ್ಲಿಗೇ ಮುಗಿಯಿತೆನ್ನುವಂತಿಲ್ಲ. ಫ್ರಾನ್ಸಿನ ಐಡಿಯಲ್ ಎಂಬ ಸಂಸ್ಥೆಯವರು 36 ಮೀಟರ್ ಚೌಕದ ಕಾಂಕ್ರೀಟು ತೆಪ್ಪದ ನಡುವೆ ದೊಡ್ಡದೊಂದು ಕಿಂಡಿ ಬಿಟ್ಟರು, ನಮ್ಮ ಹಳೆಯ ತೊಟ್ಟಿಮನೆಯ ಅಂಗಳದ ಹಾಗೆ. ಆ ಅಂಗಳದಲ್ಲಿ ಸಿಕ್ಕಿಬಿದ್ದ ನೀರು ಹೊರಗಿನ ಅಲೆಯ ತಾಳಕ್ಕೆ ಎದುರಾಗಿ ಓಲಾಡಿ ತೆಪ್ಪದ ತೂಗಾಟವನ್ನು ನುಂಗುತ್ತದೆ. ಅವರ 2 ಮೆಗಾವಾಟ್ ಯಂತ್ರ 2018ರಲ್ಲಿ ಲೆ ಕ್ರುವಾಸಿಕ್ ಬಳಿ ವಿದ್ಯುತ್ತು ಕೊಡತೊಡಗಿತು. ಬರೀ ಒಂದು ತೂತಿನಿಂದ ಒಡಲಿನ ಸ್ವಭಾವವೇ ಬದಲಾದದ್ದು ಮೆಚ್ಚಬೇಕಾದ ಮಾತು.

ಇವು ಯಾವುದೂ ಬೇಡವೆಂದು ಹಗ್ಗದ ಬಲವನ್ನೇ ನಂಬಿದ ನಾಲ್ಕನೆಯ ಪಂಗಡವೂ ಇದೆ. ರಬ್ಬರ್ ಚೆಂಡಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಕೆಟ್ಟಿನ ತಳಕ್ಕೆ ಬಿಗಿದು ಚೆಂಡು ಅರೆಬರೆ ಮುಳುಗುವಂತೆ ಮಾಡಿದರೆ ಅದು ಮೇಲೇಳಲೂ ಆರದು, ತೂಗಾಡಲೂ ಆರದು. ಮೆಡಿಟರೇನಿಯನ್ ಕಡಲಿನಲ್ಲಿ ಫ್ರಾನ್ಸಿನ ತೀರದಿಂದ 17 ಕಿಲೋಮೀಟರ್ ದೂರದಲ್ಲಿ 2023ರಲ್ಲಿ ನಿಲ್ಲಿಸಿದ ಮೂರು ಯಂತ್ರಗಳು ಹೀಗೆ ಬಿಗಿಹಗ್ಗದ ಮೇಲೆ ನಿಂತಿವೆ. ಇವುಗಳ ತೂಗಾಟದ ತಾಳ ಅಲೆಗಳಿಗಿಂತ ವೇಗ, ಕೆಲವೇ ಸೆಕೆಂಡು. ಒಡಲು ಹಗುರ, ಉಕ್ಕು ಕಡಿಮೆ. ಆದರೆ ಹಗ್ಗ ಬಿಗಿಯುವವರೆಗೆ ಒಡಲಿಗೆ ಸ್ವಂತ ಬಲ ಸಾಲದಿರಬಹುದು, ಹಗ್ಗ ಹರಿದರೂ ಅದೇ ಗತಿ.

ಇಷ್ಟೆಲ್ಲ ಆಕಾರದ ವಿದ್ಯೆ ಕಲಿತ ಮೇಲೂ ಸ್ಪಾರ್ ಕಟ್ಟಿದವರಿಗೆ ಒಂದು ಹೊಸ ತಲೆನೋವು ಕಾದಿತ್ತು. ಗಾಳಿ ಜೋರಾದಾಗ ಯಂತ್ರ ತನ್ನ ಶಕ್ತಿ ಮಿತಿ ಮೀರದಂತೆ ರೆಕ್ಕೆಗಳನ್ನು ತುಸು ಹೊರಳಿಸಿಕೊಳ್ಳುತ್ತದೆ, ಆಗ ಗಾಳಿಯ ನೂಕೂ ಇಳಿಯುತ್ತದೆ. ನೆಲದ ಮೇಲೆ ಇದರಿಂದ ತೊಂದರೆಯಿಲ್ಲ. ತೇಲುವ ಕಂಬ ಮುಂದಕ್ಕೆ, ಗಾಳಿಗೆದುರಾಗಿ ಬಾಗಿತೆನ್ನಿ. ಸೈಕಲ್ ತುಳಿಯುವವನ ಮುಖಕ್ಕೆ ಹೇಗೋ ಹಾಗೆ ರೆಕ್ಕೆಗಳಿಗೆ ಗಾಳಿ ಹೆಚ್ಚಿದಂತಾಗುತ್ತದೆ. ಯಂತ್ರ ರೆಕ್ಕೆ ಹೊರಳಿಸುತ್ತದೆ. ನೂಕು ಇಳಿದದ್ದರಿಂದ ಕಂಬ ಇನ್ನಷ್ಟು ಮುಂದಕ್ಕೆ ಬಾಗುತ್ತದೆ. ಹಿಂದಕ್ಕೆ ವಾಲುವಾಗ ಎಲ್ಲವೂ ತಿರುಗುಮುರುಗು: ಗಾಳಿ ಕಡಿಮೆಯಾದಂತೆ ತೋರಿ ರೆಕ್ಕೆ ಅಗಲವಾಗುತ್ತದೆ, ನೂಕು ಹೆಚ್ಚಿ ಕಂಬ ಮತ್ತಷ್ಟು ಹಿಂದಕ್ಕೆ. ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ತಳ್ಳುವ ಕೆಲಸವನ್ನು ಯಂತ್ರದ ನಿಯಂತ್ರಕವೇ ಮಾಡಿದಂತಾಯಿತು. ನೆಲದ ಕಂಬ ಕೆಲವೇ ಸೆಕೆಂಡುಗಳಲ್ಲಿ ತೂಗುವುದರಿಂದ ನಿಯಂತ್ರಕ ಅದರ ತಾಳಕ್ಕೆ ಸಿಗುವುದಿಲ್ಲ. ಮೂವತ್ತು ಸೆಕೆಂಡಿನ ನಿಧಾನ ತೂಗಾಟ ಸುಲಭವಾಗಿ ಅದರ ಕೈಗೆ ಸಿಗುತ್ತದೆ. ಅಲೆಗಳಿಂದ ತಪ್ಪಿಸಿಕೊಳ್ಳಲು ಸಂಪಾದಿಸಿದ ನಿಧಾನವೇ ಇಲ್ಲಿ ವೈರಿ. ಒಡಲಿನ ತೂಗಾಟವನ್ನೂ ಅಳೆದು ಅದಕ್ಕೆ ತಕ್ಕಂತೆ ರೆಕ್ಕೆ ಹೊರಳಿಸುವ ಬುದ್ಧಿಯನ್ನು ನಿಯಂತ್ರಕಕ್ಕೆ ಕಲಿಸಿ ಹೈವಿಂಡ್‌ನವರು ಇದನ್ನು ಗೆದ್ದರು.

ಹಾಗಾದರೆ ಯಾವುದು ಮೇಲು? ಜಪಾನಿನವರು ಫುಕುಶಿಮಾ ತೀರದಾಚೆ 2013ರಿಂದ 2016ರ ನಡುವೆ ಬೇರೆ ಬೇರೆ ಆಕಾರದ ಮೂರು ಒಡಲುಗಳನ್ನು ನಿಲ್ಲಿಸಿ ಪರೀಕ್ಷಿಸಿದರು. ಅಲ್ಲಿ ಖರ್ಚು ಗಿಟ್ಟಲಿಲ್ಲ. 7 ಮೆಗಾವಾಟಿನ ದೊಡ್ಡದನ್ನು 2020ರಲ್ಲಿ, ಉಳಿದವನ್ನು ಮರುವರ್ಷ ತೆಗೆದುಹಾಕಿದರು. ನೆಮ್ಮದಿಯಾಗಿ ನಿಲ್ಲುವುದರಲ್ಲಿ ಸ್ಪಾರ್‌ಗೆ ಸಾಟಿಯಿಲ್ಲವೆನ್ನಬೇಕು. ಅಂದವೂ ಅದರದೇ. ಆದರೆ ಎಂಬತ್ತು ಮೀಟರ್ ಕಾಲಿರುವವನು ಯಾವ ಮನೆಗೆ ನೆಂಟನಾಗಿ ಹೋದಾನು? ಬಂದರುಗಳ ಆಳ ಹತ್ತಿಪ್ಪತ್ತು ಮೀಟರ್. ಅದನ್ನು ನೀರಿನಲ್ಲಿ ಮಲಗಿಸಿ ಎಳೆದು, ದಡದ ಪಕ್ಕದಲ್ಲೇ ನೂರಾರು ಮೀಟರ್ ಆಳವಿರುವ ನಾರ್ವೆಯ ಫಿಯೋರ್ಡುಗಳಲ್ಲಿ ತಳಕ್ಕೆ ಭಾರ ತುಂಬಿ ನೆಟ್ಟಗಾಗಿಸಿ, ಅಲ್ಲೇ ದೈತ್ಯ ತೇಲುಕ್ರೇನಿನಿಂದ ಯಂತ್ರ ಕೂರಿಸಬೇಕು. ಪೀಟರ್‌ಹೆಡ್ಡಿನ ಐದಕ್ಕೂ ಇದು ನಡೆದದ್ದು ನಾರ್ವೆಯ ಸ್ಟೋರ್ಡ್ ದ್ವೀಪದ ಬಳಿ. ಆಮೇಲೆ ಬಂದ ಹೈವಿಂಡ್ ಟಾಂಪೆನ್‌ನ ಹನ್ನೊಂದು ಕಾಂಕ್ರೀಟು ಕಂಬಗಳೂ ಆ ದೇಶದವೇ. ಮೂರು ಕಂಬಗಳ ಒಡಲಿಗೆ ಈ ರಗಳೆಯಿಲ್ಲ. ಉಕ್ಕು ಹೆಚ್ಚು ತಿನ್ನುತ್ತದೆ, ಬೆಸುಗೆಗಳು ಹೆಚ್ಚು, ಆದರೆ ಆಳವಿಲ್ಲದ ಬಂದರಿನ ಕಟ್ಟೆಯ ಪಕ್ಕದಲ್ಲೇ ಜೋಡಿಸಿ ಎಳೆದೊಯ್ಯಬಹುದು. ಸ್ಕಾಟ್ಲೆಂಡಿನದೇ ಕಿಂಕಾರ್ಡಿನ್ ಸ್ಥಾವರದ ಇಂಥ ಒಂದು ಯಂತ್ರ ಕೆಟ್ಟಾಗ 2022ರಲ್ಲಿ ಅದನ್ನು ರೋಟರ್‌ಡ್ಯಾಮ್ ಬಂದರಿಗೆ ಎಳೆದೊಯ್ದು, ದಡದ ಕ್ರೇನಿನಿಂದಲೇ ರಿಪೇರಿ ಮಾಡಿದರು. ಮುಂದಿನ ವರ್ಷಗಳಲ್ಲಿ ಸಂಖ್ಯೆಯಲ್ಲಿ ಇವೇ ಗೆಲ್ಲುವ ಲಕ್ಷಣ ಕಾಣುತ್ತಿದೆ, ಕಡಲಿನ ಕಾರಣಕ್ಕಲ್ಲ, ದಡದ ಕಾರಣಕ್ಕೆ.

ಪೀಟರ್‌ಹೆಡ್ಡಿನ ಐದು ಕಂಬಗಳಿಗೂ ಏಳನೆಯ ವರ್ಷ ದೊಡ್ಡ ರಿಪೇರಿಯ ಸರದಿ ಬಂತು. ಅಷ್ಟು ಆಳದ, ಗಾಳಿಯಿಂದ ಮರೆಯಾದ ನೀರು ಬೇಕಾದ್ದರಿಂದ 2024ರ ಬೇಸಗೆಯಲ್ಲಿ ಸರಪಳಿ ಬಿಚ್ಚಿ, ನಿಂತ ಭಂಗಿಯಲ್ಲೇ ಅವನ್ನು ಉತ್ತರ ಸಮುದ್ರ ದಾಟಿಸಿ ಮತ್ತೆ ನಾರ್ವೆಗೇ ಎಳೆದೊಯ್ಯಬೇಕಾಯಿತು.